ಸಾಲ್ಮನ್ ಅಂದರೆ ರಾವಸ

ಡಾಕ್ಟರ್ ಚನ್ನಬಸಪ್ಪನವರ ಕಾರಿನ ಡಿಕ್ಕಿ ತೆರೆದರೆ ಮೀನಿಲ್ಲದ ಮೀನಿನ ವಾಸನೆ ಬರುತ್ತಿತ್ತು. ಒದ್ದೆ ರಬ್ಬರಿನ ಉದ್ದ ಬೂಟು, ಕೆಸರು, ಕೊಳೆತ ಎಲೆ, ಫ್ಲಾಸ್ಕಿನಿಂದ ಚೆಲ್ಲಿದ ಚಹಾ, ಇವೆಲ್ಲದರ ಅಡಿಯಲ್ಲಿ ಕೈಬಲೆಯ ಎಳೆಗಳಿಗೆ ಅಂಟಿದ ಲೋಳೆಯ ತೆಳ್ಳನೆಯ ವಾಸನೆ. ಮೀನು ಮಾತ್ರ ಎಂದೂ ಇರುತ್ತಿರಲಿಲ್ಲ. ಅದು ನದಿಗೆ ವಾಪಸ್ಸಾಗಿರುತ್ತಿತ್ತು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಮನೆಯ ಮುಂದೆ, ಅಕ್ಟೋಬರಿನ ಶನಿವಾರಗಳ ಬೆಳಿಗ್ಗೆ, ನನ್ನ ಮಡಿಸುವ ಕುರ್ಚಿಯನ್ನು ಆ ಡಿಕ್ಕಿಗೆ ತುರುಕಲು ಬಗ್ಗಿದಾಗಲೆಲ್ಲ ಆ ವಾಸನೆ ಮೂಗಿಗೆ ಹತ್ತಿ, ಅರವತ್ತು ದಾಟಿದ ನನಗೆ ಒಂದು ಕ್ಷಣ ಹತ್ತು ವರ್ಷವಾಗಿಬಿಡುತ್ತಿತ್ತು. ನಿಮಗೂ ಹೀಗೆ ಆಗಿರಬಹುದು. ವಾಸನೆಗೆ ಮ್ಯಾನರ್ಸ್ ಇಲ್ಲ. ಅದು ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮಗಳು ವಸುಧಾ ವಿದನ್‌ಶಾದ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಡ್ಯೂಟಿ ರೋಟಾದಲ್ಲಿ ಶನಿವಾರಗಳೇ ಜಾಸ್ತಿ. ಅಳಿಯ ವಾರವಿಡೀ ಬರ್ಮಿಂಗ್‌ಹ್ಯಾಮ್‌ನಲ್ಲಿ ದುಡಿದು ಬಂದು ಶನಿವಾರ ಮಲಗಿಯೇ ಇರುತ್ತಿದ್ದ. ಮೊಮ್ಮಗಳು ಇಳಾ ಮತ್ತು ನಾನು ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುವುದನ್ನು ಕಂಡು ನಮ್ಮನ್ನು ನದಿಗೆ ಕರೆದುಕೊಂಡು ಹೋಗಲು ಶುರುಮಾಡಿದವರು ಡಾಕ್ಟರ್ ಚನ್ನಬಸಪ್ಪ ಮತ್ತು ಅವರ ಹೆಂಡತಿ ಶಾಂತಕ್ಕ. ಧಾರವಾಡದ ಕಡೆಯವರು. ಟಿವಿಡೇಲಿನ ಬಾಲಾಜಿ ಗುಡಿಯಲ್ಲಿ ಊಟದ ಕ್ಯೂನಲ್ಲಿ ನಿಂತಾಗ ಪರಿಚಯವಾದದ್ದು. ಕಟ್ಟಾ ಲಿಂಗಾಯತರು; ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಆದರೆ ಸೆಪ್ಟೆಂಬರ್ ಬಂತೆಂದರೆ ಡಾಕ್ಟರಿಗೆ ಸಾಲ್ಮನ್ ಜ್ವರ. ಮಳೆ ಬಿದ್ದ ಮರುದಿನ ನದಿಯ ನೀರು ಎಷ್ಟು ಏರಿದೆಯೆಂದು ಯಾರ್‍ಯಾರಿಗೋ ಫೋನ್ ಮಾಡಿ ಕೇಳುವರು. ಊಟದ ಮೇಜಿನ ಮೇಲೆ ನವಿಲುಗರಿ, ಕೆಂಪು ದಾರ, ಬೆಳ್ಳಿಯ ಎಳೆ ಹರಡಿಕೊಂಡು ಗಾಳಕ್ಕೆ ಸುತ್ತಿ ಸುತ್ತಿ ಸುಳ್ಳು ನೊಣ ತಯಾರಿಸುವರು. ಆಮೇಲೆ ಎದೆಯ ಮೇಲಿನ ಇಷ್ಟಲಿಂಗವನ್ನು ಬನಿಯನ್ನಿನೊಳಗೆ ಸರಿಮಾಡಿಕೊಂಡು, ಅದರ ಮೇಲೆ ಕಂಕುಳವರೆಗೆ ಬರುವ ರಬ್ಬರಿನ ಉಡುಪು ಏರಿಸಿ, ಲ್ಯಾಂಕಾಸ್ಟರ್ ಹತ್ತಿರದ ಲ್ಯೂನ್ ನದಿಯಲ್ಲಿ ಸೊಂಟದುದ್ದ ನೀರಿಗಿಳಿದು ನಿಲ್ಲುವರು. ಹಿಡಿದ ಪ್ರತಿಯೊಂದು ಮೀನನ್ನೂ ಬಿಟ್ಟುಬಿಡುವರು.

"ತಿನ್ನಾಂಗಿಲ್ಲ, ಮಾರಾಂಗಿಲ್ಲ," ಎಂದು ಶಾಂತಕ್ಕ ದಾರಿಯುದ್ದಕ್ಕೂ ಹಂಗಿಸುತ್ತಿದ್ದರು. "ಅದರ ಬಾಯಾಗ ಸೂಜಿ ಚುಚ್ಚಿ, ಸಾರಿ ಅಂದು, ಹೊಳಿಗೆ ಬಿಟ್ಟು ಬರ್ತಾರ. ಇದಕ್ಕ ನೂರು ಮೈಲಿ ಪೆಟ್ರೋಲು. ಯಾರರ ಕೇಳಿದ್ರ ಏನಂತ ಹೇಳ್ಲಿ ನಾ?"

"ಅನಸ್ತೆಟಿಸ್ಟ್ ಅದಾರ ಅಂತ ಹೇಳು," ಎನ್ನುವರು ಡಾಕ್ಟರು, ಕನ್ನಡಿಯಲ್ಲಿ ಹಿಂದಿನ ಸೀಟಿನ ನನ್ನನ್ನು ನೋಡಿ ನಗುತ್ತ. "ಆಪರೇಶನ್ನಿನ್ಯಾಗ ಮಲಗಿಸೂದು, ಎಬ್ಬಸೂದು. ಜಲ್ಮ ಎಲ್ಲಾ ಅದನ್ನ ಮಾಡೇನಿ. ಹೌದಲ್ರೀ, ಅಕ್ಕಾರ?"

ನಾನು ನಗುತ್ತಿದ್ದೆ. ಅವರಿಬ್ಬರೂ ನನ್ನನ್ನು ಹುಟ್ಟಾ ಸಸ್ಯಾಹಾರಿಯೆಂದೇ ತಿಳಿದಿದ್ದರು. ನನ್ನ ಮಗಳೂ ಹಾಗೆಯೇ ತಿಳಿದಿದ್ದಳು. ಮೈಸೂರಿನ ಸಸ್ಯಾಹಾರಿ ಮನೆಗೆ ಮದುವೆಯಾಗಿ ಬಂದದ್ದರಿಂದ ಯಾರೂ ಕೇಳುವ ಪ್ರಸಂಗವೇ ಬರಲಿಲ್ಲ. ಹೊನ್ನಾವರದ ಹೊಳೆಯ ದಡದಲ್ಲಿ, ದಿನಕ್ಕೆರಡು ಹೊತ್ತು ಮೀನು ಬೇಯುವ ಮನೆಯಲ್ಲಿ ನಾನು ಹುಟ್ಟಿದ್ದು. ಹತ್ತನೆಯ ವಯಸ್ಸಿನ ಒಂದು ಕ್ರಿಸ್‌ಮಸ್ ರಜೆಯಿಂದೀಚೆಗೆ ಮೀನು ಬಾಯಿಗೆ ಇಟ್ಟಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವಳು ಒಬ್ಬಳೇ ಇದ್ದಳು, ಅವಳು ತೀರಿಕೊಂಡಿದ್ದಳು.

ಲ್ಯೂನ್ ದಡದಲ್ಲಿ ನನಗೆ ಕೂರಲಾಗುತ್ತಿರಲಿಲ್ಲ. ಶಾಂತಕ್ಕ ಕುರ್ಚಿಯಲ್ಲಿ ಶಾಲು ಹೊದ್ದು ಚೂಡಾ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆರಾಮವಾಗಿ ಇರುತ್ತಿದ್ದರು. ನಾನು ಕೂತು ಏಳುವುದು, ಎದ್ದು ಆ ಬೇಲಿಯ ಗೇಟಿನವರೆಗೆ ಹೋಗಿಬರುವುದು, ಇಳಾಳ ಗ್ಲೌಸ್ ಸರಿಮಾಡುವುದು, ಮತ್ತೆ ಏಳುವುದು. ನೀರು ಕಡುಚಹಾದ ಬಣ್ಣದಲ್ಲಿ ಸುತ್ತಿ ಸುತ್ತಿ ಹರಿಯುತ್ತಿತ್ತು. ಆಲ್ಡರ್ ಮರದ ಎಲೆಗಳು ಒಂದೊಂದಾಗಿ ಬಿದ್ದು ತೇಲಿಹೋಗುತ್ತಿದ್ದವು. ಎಲ್ಲೋ ಒಂದು ಕಡೆ, ನೋಡುತ್ತಿಲ್ಲದ ಕಡೆಯೇ, ದೊಡ್ಡ ಮೀನೊಂದು ನೀರಿನಿಂದ ಮೇಲೆ ಹಾರಿ ಧಡ್ಡನೆ ಬೀಳುತ್ತಿತ್ತು. ತಿರುಗಿ ನೋಡುವಷ್ಟರಲ್ಲಿ ಬರೀ ಉಂಗುರ. ಆ ಸದ್ದಿಗೆ ನಾನು ಪ್ರತಿಸಲವೂ ಎದ್ದು ನಿಲ್ಲುತ್ತಿದ್ದೆ. "ಕುತ್ಕೊಳ್ರಿ ಅಕ್ಕಾರ, ನಿಮ್ಮ ಕಾಲಿಗೆ ಚಕ್ರ ಕಟ್ಯಾರೇನು?" ಎನ್ನುತ್ತಿದ್ದರು ಶಾಂತಕ್ಕ.

ಒಂದು ದಿನ ಡಾಕ್ಟರು ದಡಕ್ಕೆ ಬಂದು ಚಹಾ ಕುಡಿಯುತ್ತಿದ್ದಾಗ ನಾನೇ ಕೇಳಿದೆ, "ಈ ಮೀನು ನದಿಗೆ ಏನು ತಿನ್ನೋಕೆ ಬರುತ್ತೆ ಡಾಕ್ಟರೇ?"

"ಏನೂ ಇಲ್ರೀ. ಸಮುದ್ರ ಬಿಟ್ಟು ಹೊಳಿಗೆ ಬಂತಂದ್ರ ಉಪವಾಸ. ತಿಂಗಳುಗಟ್ಟಲೆ ಒಂದು ತುತ್ತು ಇಲ್ಲ. ಹೊಟ್ಟಿ ಸಣ್ಣಾಗಿಬಿಟ್ಟಿರತೈತಿ."

"ಮತ್ತೆ ನಿಮ್ಮ ನೊಣಾನ ಯಾಕೆ ಕಚ್ಚುತ್ತೆ?"

ಅವರು ಕಪ್ಪಿನೊಳಗೆ ನೋಡಿಕೊಂಡರು. "ಅದಾ ಯಾರಿಗೂ ಗೊತ್ತಿಲ್ಲ. ದೊಡ್ಡ ದೊಡ್ಡ ಪುಸ್ತಕ ಬರದಾರ, ಅವರಿಗೂ ಗೊತ್ತಿಲ್ಲ. ಸಿಟ್ಟು ಅಂತಾರ ಕೆಲವರು. ನನಗ ಕೇಳಿದ್ರ, ಹಿಂದಿನ ನೆನಪು."

"ಹಾಗಾದರೆ ಸಾಲ್ಮನ್‌ಗೂ," ಎಂದು ನಾನೇನೋ ಹೇಳಲು ಹೊರಟಾಗ ಇಳಾ ತಡೆದಳು. ಒಂಬತ್ತು ವರ್ಷದ ಅವಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಇಟ್ಸ್ ಸ್ಯಾಮನ್, ಅಜ್ಜಿ. ದಿ ಎಲ್ ಈಸ್ ಸೈಲೆಂಟ್."

ನನಗೆ ಇಂಗ್ಲಿಷ್ ಕಲಿಸಿದವರು ಸಿಸ್ಟರ್ ಫಿಲೊಮಿನಾ. ಅವರೂ ಪುಸ್ತಕದಿಂದ ಕಲಿತವರೇ, ಎಲ್ ಅನ್ನು ಚೆನ್ನಾಗಿ ಒತ್ತಿ ಸಾಲ್ಮನ್ ಎನ್ನುತ್ತಿದ್ದರು. ಐವತ್ತೈದು ವರ್ಷ ನಾನೂ ಹಾಗೇ ಅಂದುಕೊಂಡು ಬಂದೆ. ಆ ಹೊತ್ತು ಮೊಮ್ಮಗಳ ಮುಂದೆ ನಕ್ಕುಬಿಟ್ಟೆನಾದರೂ ಗೇಟಿನವರೆಗೆ ಮತ್ತೊಮ್ಮೆ ನಡೆದುಹೋದೆ. ಎಲ್ ಒಂದೇ ಯಾಕೆ, ಆ ಇಡೀ ಪದವೇ ಅವತ್ತು ಸೈಲೆಂಟ್ ಆಗಿದ್ದಿದ್ದರೆ.

ನಮ್ಮ ಮನೆ ಹೊಳೆಗೆ ಎಷ್ಟು ಹತ್ತಿರವಿತ್ತೆಂದರೆ, ಹುಣ್ಣಿಮೆಯ ಭರತದಲ್ಲಿ ನೀರು ಬಾವಿಯ ಹಿಂದಿನ ಕಲ್ಲುಕಟ್ಟೆಯನ್ನು ನೆಕ್ಕಿ ಹೋಗುತ್ತಿತ್ತು. ಅಪ್ಪನದು ಬೆಲ್ಲ, ಹುಣಸೆಹಣ್ಣಿನ ವ್ಯಾಪಾರ. ಮನೆಮಾತು ಕೊಂಕಣಿ, ಆ ಮನೆಯ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಳೆಗಾಲ ಕಳೆದು, ಹೊಳೆಯ ಕೆಂಪು ಇಳಿದು, ಉಪ್ಪುನೀರು ಮತ್ತೆ ಮೇಲಕ್ಕೆ ಏರತೊಡಗಿದಾಗ, ನವರಾತ್ರಿಯ ಆಚೀಚೆ, ಅಳಿವೆಯ ಬಾಯಿಗೆ ರಾವಸ ಬರುತ್ತಿತ್ತು. ದೊಡ್ಡ ಬೆಳ್ಳಿಯ ಮೀನು. ಗಲ್ಲದ ಕೆಳಗೆ ಮೀಸೆಯ ಹಾಗೆ ಎಳೆಗಳು. ದೋಣಿಯವರು ಅದನ್ನು ಬಾಳೆಯ ದಿಂಡಿನ ಹಾಗೆ ಹೆಗಲಮೇಲೆ ಹೊತ್ತು ತರುವರು. ಹಬ್ಬದ ಒಂಬತ್ತು ದಿನ ಮನೆಯಲ್ಲಿ ಮೀನಿಲ್ಲದ್ದರಿಂದ ಹತ್ತನೆಯ ದಿನ ಕಳೆದ ಮೇಲೆ ಎಲ್ಲರ ಕಿವಿಯೂ ಹೊಳೆಯ ಕಡೆಗೇ. ನನ್ನ ಅಜ್ಜಿ ಜಪಮಣಿ ಎಣಿಸುತ್ತಲೇ "ರಾವಸ ಬಂತಾ ನೋಡಿ" ಎನ್ನುವಳು.

ಅದನ್ನು ಕತ್ತರಿಸಿ, ಮಸಾಲೆ ಅರೆದು, ಕಬ್ಬಿಣದ ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಹುರಿಯುತ್ತಿದ್ದವಳು ಸುಭದ್ರಾ ದೊಡ್ಡಮ್ಮ. ಅಪ್ಪನ ಅಣ್ಣನ ಹೆಂಡತಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವಳು; ನಾನು ಹೇಳುತ್ತಿರುವ ವರ್ಷ ಅವಳಿಗೆ ಇಪ್ಪತ್ತೆಂಟು. ತಲೆಗೂದಲು ತೆಗೆಸದೆ ಉಳಿಸಿದ್ದೇ ನಮ್ಮ ಮನೆಯ ದೊಡ್ಡ ಸುಧಾರಣೆ. ಆದರೆ ನಮ್ಮವರಲ್ಲಿ ಗಂಡ ಸತ್ತವಳಿಗೆ ಮೀನಿಲ್ಲ. ಮೀನು ತಿನ್ನಬಾರದು, ಬೇಯಿಸಬಹುದು. ಅವಳ ಕೈರುಚಿ ಇಲ್ಲದೆ ಅಜ್ಜಿಗೆ ಅನ್ನ ಇಳಿಯುತ್ತಿರಲಿಲ್ಲವಲ್ಲ. ಹಾಗಾಗಿ ಮೊದಲು ಎಲ್ಲರಿಗೂ ಮೀನು ಹುರಿದು, ಆಮೇಲೆ ಬಾವಿಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಮೂಲೆಯ ಬೇರೆ ಒಲೆಯಲ್ಲಿ ಅವಳು ತನ್ನ ಪಾಲಿನ ಅನ್ನ, ತಿಳಿಸಾರು ಮಾಡಿಕೊಳ್ಳುವಳು. ರುಚಿ ನೋಡುವಂತಿಲ್ಲ. ಅದಕ್ಕೆ ನಾನಿದ್ದೆ. "ಇಲ್ಲಿ ಬಾ, ಉಪ್ಪು ನೋಡು," ಎಂದು ಕರೆದು ಅಂಗೈಗೆ ಒಂದು ಹನಿ ಹಾಕುವಳು. ನನ್ನ ಮುಖವನ್ನೇ ನೋಡುವಳು. ನಾನು ಕಣ್ಣರಳಿಸಿದರೆ ಸಾಕು, ಅವಳ ಗಂಟಲು ಒಮ್ಮೆ ಆಡುತ್ತಿತ್ತು. ಏನೋ ನುಂಗಿದ ಹಾಗೆ.

ಆ ವರ್ಷ ನನ್ನನ್ನು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ದಸರಾ ರಜೆಗೆ ಮನೆಗೆ ಬಂದವಳ ಬಾಯಲ್ಲಿ ನಾಲ್ಕು ತಿಂಗಳ ಇಂಗ್ಲಿಷು. ಕೋಳಿಗೆ ಗುಡ್ ಮಾರ್ನಿಂಗ್, ಬಾವಿಕಟ್ಟೆಗೆ ಎಕ್ಸ್‌ಕ್ಯೂಸ್ ಮಿ. ರಾವಸ ಬಂದ ದಿನ ದೊಡ್ಡಮ್ಮ ಎಂದಿನಂತೆ ಒಂದು ಚೂರು ಅಂಗೈಗೆ ಹಾಕಿ "ಹೇಗಿದೆ?" ಎಂದಳು. ನಾನು ಸೆಟೆದು ನಿಂತು "ಡೆಲಿಶಸ್" ಎಂದೆ. "ಹಾಗಂದರೇನು?" ನನಗೆ ಹೇಳಲು ಬರಲಿಲ್ಲ. ರುಚಿ ಎಂದರೆ ಕಡಿಮೆಯಾಯಿತು, ಚೆನ್ನಾಗಿದೆ ಎಂದರೆ ಅದೂ ಅಲ್ಲ. ಎರಡು ಮೂರು ಸಲ ತಡವರಿಸಿ, ಸೋತು, ಸಿಟ್ಟಿನಿಂದ "ನೀನೇ ತಿಂದು ನೋಡು" ಎಂದುಬಿಟ್ಟೆ. ಅವಳು ಬೈಯಲಿಲ್ಲ. ನಗಲೂ ಇಲ್ಲ. ಕಾವಲಿಯ ಮೇಲಿನ ತುಂಡುಗಳನ್ನು ಒಂದೊಂದಾಗಿ ಮಗುಚಿದಳು. ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ ಮೇಲೆ ನಾನು ಬಾಳೆಲೆಯ ಚೂರಿನಲ್ಲಿ ಹುರಿದ ರಾವಸ ಕಟ್ಟಿಕೊಂಡು, ಬಾವಿಯ ಹಿಂದೆ, ಬಿಂಬುಳಿ ಮರದ ಬುಡಕ್ಕೆ ಹೋದೆ. ಅವಳು ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಬೂದಿಯ ಕೈ ತೊಳೆದುಕೊಂಡಳು. ತಿಂದಳು. ತಿಂದು "ಯಾರಿಗೂ ಹೇಳಬೇಡ ಹಾಂ" ಎಂದಳು, ಅಷ್ಟೇ.

ನಾನು ಹೇಳಲಿಲ್ಲ. ದೇವರಾಣೆ, ಕೊಂಕಣಿಯಲ್ಲಿ ಹೇಳಲಿಲ್ಲ, ಕನ್ನಡದಲ್ಲೂ ಹೇಳಲಿಲ್ಲ. ರಜೆ ಮುಗಿಸಿ ಹೋದಮೇಲೆ ಸಿಸ್ಟರ್ ಫಿಲೊಮಿನಾ "ಮೈ ಹಾಲಿಡೇಸ್" ಎಂದು ಕಾಂಪೋಸಿಷನ್ ಬರೆಯಲು ಕೊಟ್ಟರು. ಬೋರ್ಡಿಂಗಿನ ಊಟದಲ್ಲಿ ರಾವಸ ಬಂದಾಗ ಅವರು "ಗರ್ಲ್ಸ್, ಟುಡೇ ಈಸ್ ಸಾಲ್ಮನ್" ಎನ್ನುತ್ತಿದ್ದರಿಂದ ಆ ಪದ ನನಗೆ ಗೊತ್ತಿತ್ತು. ಬರೆದೆ: ನನ್ನ ಆಂಟ್ ಒಬ್ಬ ವಿಡೋ, ವಿಡೋಗಳು ಮೀನು ತಿನ್ನುವುದಿಲ್ಲ, ನಾನು ಅವಳಿಗೆ ಬಾವಿಯ ಹಿಂದೆ ಸಾಲ್ಮನ್ ಕೊಟ್ಟೆ, ಶೀ ಏಟ್ ಇಟ್ ವಿತ್ ಟಿಯರ್ಸ್. ಇಂಗ್ಲಿಷಿನಲ್ಲಿ ಹೇಳಿದರೆ ಅದು ಹೇಳಿದ ಹಾಗಲ್ಲ ಎಂದೇ ನಾನು ನಂಬಿದ್ದೆ. ಅದು ಮಂಗಳೂರಿನ ಭಾಷೆ, ಬೆಂಚಿನ ಭಾಷೆ; ಅದಕ್ಕೂ ನಮ್ಮ ಹೊಳೆದಂಡೆಗೂ ದಾರಿಯೇ ಇರಲಿಲ್ಲ. ಕಾನ್ವೆಂಟಿನಲ್ಲಿ ಓದಿದ ನನ್ನ ವಯಸ್ಸಿನ ಹೆಂಗಸರಿಗೆ ಇದು ಅರ್ಥವಾದೀತು. ನಾವೆಲ್ಲ ಎರಡು ಬಾಯಿ ಇಟ್ಟುಕೊಂಡು ಬೆಳೆದವರು. ಸಿಸ್ಟರ್ ಕೆಂಪು ಮಸಿಯಲ್ಲಿ "ಎ ಚಾರಿಟೆಬಲ್ ಡೀಡ್" ಎಂದು ಬರೆದು ಫಸ್ಟ್ ಪ್ರೈಜ್ ಕೊಟ್ಟರು.

ಕ್ರಿಸ್‌ಮಸ್ ರಜೆಗೆ ಅದನ್ನು ಮನೆಗೆ ತಂದೆ. ಅಪ್ಪನಿಗೆ ಅಷ್ಟಿಷ್ಟು ಇಂಗ್ಲಿಷು ಬರುತ್ತಿತ್ತು; ಹೆಮ್ಮೆ ಅದಕ್ಕಿಂತ ಹೆಚ್ಚಿತ್ತು. ಸಂಜೆ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ "ಓದು" ಎಂದ. ನಾನು ಓದಿದೆ. ಅಜ್ಜಿ ಅರ್ಥವಾಗದೆಯೇ ತಲೆದೂಗಿದಳು. ದೊಡ್ಡಮ್ಮ ಒಳಬಾಗಿಲ ಪಟ್ಟಿಗೆ ಒರಗಿ, ನನ್ನ ಬಾಯಿಂದ ಉರುಳುವ ಇಂಗ್ಲಿಷನ್ನು ಕೇಳುತ್ತ, ಎಷ್ಟು ಸಂತೋಷದಿಂದ ನಗುತ್ತಿದ್ದಳೆಂದರೆ ನಾನು ಕೊನೆಯ ಸಾಲನ್ನು ಅವಳ ಕಡೆಗೇ ತಿರುಗಿ ಓದಿದೆ. ಅಪ್ಪ ತಡೆದು ತಡೆದು ಒಂದೊಂದೇ ವಾಕ್ಯ ಬಿಡಿಸಿ ಹೇಳಿದ. ವಿಡೋ ಬಂದಾಗ ಅಜ್ಜಿ "ಅಯ್ಯೋ, ನಮ್ಮ ಸುಭದ್ರೆಯ ಬಗ್ಗೆ ಬರೆದಿದ್ದಾಳೆ" ಎಂದು ಕಣ್ಣೊರೆಸಿಕೊಂಡಳು. ನಾನು ಏನೋ ಕೊಟ್ಟೆ, ದೊಡ್ಡಮ್ಮ ಅತ್ತುಕೊಂಡು ತಿಂದಳು ಎನ್ನುವವರೆಗೂ ಅಪ್ಪನಿಗೆ ತಿಳಿಯಿತು. ಒಂದು ಪದ ಮಾತ್ರ ಉಳಿಯಿತು. "ಈ ಸಾಲ್ಮನ್ ಅಂದರೇನು? ಏನಾದರೂ ಮಿಠಾಯಿಯೋ?"

ಹೌದು ಎನ್ನಬಹುದಿತ್ತು. ಮಿಠಾಯಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಡೀ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಪದ ನನಗೆ ಗೊತ್ತಿತ್ತು.

"ಸಾಲ್ಮನ್ ಅಂದರೆ ರಾವಸ!" ಎಂದೆ.

ಹೊಳೆಯ ಮೇಲಿನ ದೋಣಿಯವರ ಮಾತು ಜಗಲಿಗೆ ಕೇಳಿಸಿತು. ಅಪ್ಪ ಒಳ್ಳೆಯವನು, ಕಾಗದ ಮಡಿಸುತ್ತ "ಮಕ್ಕಳು ಕಥೆ ಕಟ್ಟುತ್ತಾರೆ, ಅಮ್ಮಾ" ಎಂದು ಒಂದು ದಾರಿ ಬಿಟ್ಟುಕೊಟ್ಟ. ದೊಡ್ಡಮ್ಮ ಅದನ್ನು ಹಿಡಿಯಲಿಲ್ಲ. "ಹುಡುಗಿ ಸುಳ್ಳು ಹೇಳಿಲ್ಲ," ಎಂದಳು. "ತಿಂದೆ." ಆಮೇಲೆ ಒಳಗೆ ಹೋಗಿ ದೀಪ ಹಚ್ಚಿದಳು. ಯಾರೂ ಕೂಗಾಡಲಿಲ್ಲ. ಅಜ್ಜಿ ಎರಡು ದಿನ ಉಣ್ಣಲಿಲ್ಲ, ಅಷ್ಟೇ. ಮೂರನೆಯ ದಿನ ಕುಮಟಾದಿಂದ ದೊಡ್ಡಮ್ಮನ ಅಣ್ಣ ಬಂದ. ಅವಳ ಟ್ರಂಕು ಎಷ್ಟು ಚಿಕ್ಕದೆಂದರೆ ಅವಳೇ ಒಂದು ಕೈಯಲ್ಲಿ ಎತ್ತಿಕೊಂಡಳು. ನನ್ನ ತಲೆ ಸವರಿದಳು. ಮುಂದಿನ ರಜೆಗೆ ಬಂದಾಗ ಅವಳು ಮಲಗುತ್ತಿದ್ದ ಕೋಣೆಯಲ್ಲಿ ಹುಣಸೆಹಣ್ಣಿನ ಚೀಲಗಳಿದ್ದವು. ಅಣ್ಣನ ಮನೆಯಲ್ಲಿ ಅವಳು ಸುಮಾರು ಮೂವತ್ತು ವರ್ಷ ಬದುಕಿದಳಂತೆ, ಅಲ್ಲಿಯ ಒಲೆಯ ಮುಂದೆ. ಮದುವೆಯಾದ ಮೇಲೆ ಸುತ್ತುದಾರಿಯಲ್ಲಿ ತವರಿಗೆ ಹೋಗಿಬರುವಾಗ ಕುಮಟಾದಲ್ಲಿ ನನ್ನ ಬಸ್ಸು ಎಷ್ಟು ಸಲ ನಿಂತಿತು! ಒಮ್ಮೆ ಟೈರು ಕೆಟ್ಟು ಮುಕ್ಕಾಲು ಗಂಟೆ ನಿಂತಿತು. ನಾನು ಇಳಿಯಲಿಲ್ಲ. ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ, ಮನೆಯೂ ಇಲ್ಲ. ಸೇತುವೆಗೆ ಹೋಗುವ ರಸ್ತೆ ನಮ್ಮ ಅಡಿಗೆಮನೆಯ ಮೇಲೆ ಹಾದುಹೋಗಿದೆ.

ಲ್ಯೂನ್‌ನಲ್ಲಿ ಆ ವರ್ಷದ ಸೀಸನ್ನಿನ ಕೊನೆಯ ಶನಿವಾರ ಡಾಕ್ಟರಿಗೆ ದೊಡ್ಡದೊಂದು ಸಿಕ್ಕಿತು. ಗಾಳದ ಕೋಲು ಬಿಲ್ಲಿನಂತೆ ಬಾಗಿ, ರೀಲು ಕಿರ್ರೆಂದು ಕೂಗಿ, ಅರ್ಧ ಗಂಟೆಯ ಜಗ್ಗಾಟದ ಮೇಲೆ ದಡದ ಆಳವಿಲ್ಲದ ನೀರಿಗೆ ಬಂತು. ನಾನು ಸಮುದ್ರದ ಬೆಳ್ಳಿಯನ್ನು ನಿರೀಕ್ಷಿಸಿದ್ದೆ. ಇದು ತಾಮ್ರದ ಬಣ್ಣಕ್ಕೆ ತಿರುಗಿತ್ತು, ದವಡೆ ಕೊಕ್ಕೆಯಂತೆ ಡೊಂಕಾಗಿತ್ತು, ಪಕ್ಕೆಗಳು ಒಳಗೆ ಹೋಗಿದ್ದವು. ತಿಂಗಳುಗಳ ಉಪವಾಸ. ಡಾಕ್ಟರು ಗಾಳ ಬಿಡಿಸಿ ಕೂಗಿದರು, "ಅಕ್ಕಾರ, ಬರ್ರಿ ಇಲ್ಲೆ! ಬಾಲದ ಬುಡ ಹಿಡೀರಿ. ದಣಿದೈತಿ. ನೀರು ಬರೂ ಕಡಿಗೆ ಮುಖ ಮಾಡಿ ಹಿಡದ್ರ ಉಸಿರು ತಗೋತೈತಿ." ಯಾಕೆ ನನ್ನನ್ನು ಕರೆದರೋ. ಶಾಂತಕ್ಕ "ಪಾಪ, ಅವರ ಮಡಿ ಯಾಕ ಕೆಡಸ್ತೀರಿ" ಎನ್ನುತ್ತಿರುವಾಗಲೇ ನಾನು ಸೀರೆ ಎತ್ತಿಕಟ್ಟಿ, ಇಳಾಳ ಭುಜ ಹಿಡಿದು, ನೀರಿಗಿಳಿದಿದ್ದೆ. ಎಷ್ಟು ತಣ್ಣಗಿತ್ತೆಂದರೆ ಕಾಲು ನನ್ನದಲ್ಲವೆನಿಸಿತು. ಎರಡೂ ಕೈಯಿಂದ ಹಿಡಿದೆ. ಗಟ್ಟಿ ಮಾಂಸ, ನುಣುಪು. ಕಿವಿರು ತೆರೆದು ಮುಚ್ಚಿ ತೆರೆಯುವುದು ಅಂಗೈಯವರೆಗೂ ತಿಳಿಯುತ್ತಿತ್ತು. ಅಷ್ಟು ವರ್ಷಗಳ ಮೇಲೆ ಮೀನು ಮುಟ್ಟಿದ್ದೆ. ಆಮೇಲೆ ಅದು ಒಮ್ಮೆ ಕೊಡವಿಕೊಂಡು ನನ್ನ ಕೈಯಿಂದ ಹೋಯಿತು, ಕಡುಚಹಾದ ನೀರಿನೊಳಗೆ. ನಾನು ಬಗ್ಗಿದವಳು ಬಗ್ಗಿಯೇ ಇದ್ದೆ. ಡಾಕ್ಟರೇ ತೋಳು ಹಿಡಿದು ಎಬ್ಬಿಸಿದರು.

ಹಿಂದಿರುಗುವಾಗ ಕಾರಿನಲ್ಲಿ ಹೀಟರು ಹಾಕಿದ್ದರು. ಮೋಟರ್‌ವೇ ಮೇಲೆ ಸಂಜೆಯ ಮಳೆ. ನನ್ನ ಕೈಯಿಂದ ಮೀನಿನ ವಾಸನೆ ಬರುತ್ತಿತ್ತು. ಒರೆಸಿಕೊಳ್ಳಲು ಶಾಂತಕ್ಕ ಟಿಶ್ಯೂ ಕೊಟ್ಟರು, ನಾನು ಒರೆಸಿಕೊಳ್ಳಲಿಲ್ಲ. ಹಾಗೆಯೇ ಕೂತು ಎಲ್ಲವನ್ನೂ ಹೇಳಿಬಿಟ್ಟೆ, ಇಳಾಳಿಗೆ ಹೇಳುತ್ತಿರುವ ಹಾಗೆ, ಮೂವರಿಗೂ. ಜಗಲಿ, ಕಾಂಪೋಸಿಷನ್, ಚಿಕ್ಕ ಟ್ರಂಕು, ಇಳಿಯದ ಬಸ್ಸು. ಶಾಂತಕ್ಕ "ಹುಡುಗಬುದ್ಧಿ ಬಿಡ್ರಿ, ನಿಮ್ಮದೇನ ತಪ್ಪು" ಎಂದರು. ಡಾಕ್ಟರು ವೈಪರ್ ಜೋರು ಮಾಡಿದರು. ಇಷ್ಟು ವರ್ಷ ನಾನು ನನಗೇ ಹೇಳಿಕೊಂಡದ್ದೂ ಅದನ್ನೇ, ಹುಡುಗಬುದ್ಧಿ ಎಂದು. ಅದರಿಂದ ನೆಮ್ಮದಿ ಬಂದಿರಲಿಲ್ಲ. ನಾನು ಅವಳಿಗೆ ಕೊಟ್ಟದ್ದು ಒಳ್ಳೆಯದೋ, ಅವಳಿಂದ ಕಿತ್ತುಕೊಂಡದ್ದೇ ಹೆಚ್ಚೋ, ಆ ಲೆಕ್ಕ ಬಿಡಿಸಲಾಗದೆ ಸುತ್ತುತ್ತಿದ್ದವಳು ನಾನು.

ಇಳಾ ಮಾತ್ರ ಸೀಟಿನ ಮೇಲೆ ಕಾಲು ಮಡಿಸಿಕೊಂಡು ಕೇಳಿದಳು, "ಬಟ್ ಡಿಡ್ ಶೀ ಲೈಕ್ ಇಟ್, ಅಜ್ಜಿ?"

ಯಾರೂ ಅದನ್ನು ಕೇಳಿರಲಿಲ್ಲ. ಅಜ್ಜಿ ಕೇಳಲಿಲ್ಲ, ಅಪ್ಪ ಕೇಳಲಿಲ್ಲ. ನಾನು ಬರೆದ ಕಣ್ಣೀರು ಸಿಸ್ಟರಿಗಾಗಿ ಬರೆದದ್ದು. ದೊಡ್ಡಮ್ಮ ಅತ್ತಿರಲೇ ಇಲ್ಲ. ಅವಳು ಮೊದಲು ಅಂಚಿನ ಕರಿದ ಚರ್ಮವನ್ನು ಮುರಿದು ತಿಂದಳು. ಆಮೇಲೆ ಮುಳ್ಳಿನ ಎರಡೂ ಬದಿಯ ಮಾಂಸ ಬಿಡಿಸಿ, ಆತುರವಿಲ್ಲದೆ, ಕಣ್ಣು ಮುಚ್ಚಿ. ಮುಳ್ಳನ್ನು ಚೀಪಿ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅಷ್ಟು ಚಿಕ್ಕ ವಯಸ್ಸಿನದೆಂದು ನನಗೆ ಅವತ್ತೇ ಗೊತ್ತಾದದ್ದು.

"ಇಷ್ಟ ಆಯ್ತು ಪುಟ್ಟಿ," ಎಂದೆ. "ತುಂಬಾ. ಇನ್ನೊಂದು ತುಂಡು ಇದೆಯಾ ಅಂತ ಕೇಳಿದಳು."

"ಆಂಡ್?"

"ಇಲ್ಲ ಅಂದೆ."

"ವಾಸ್ ದೇರ್?"

ಅವಳು ಒಂಬತ್ತು ವರ್ಷದವಳು, ಕೇಳಲೇಬೇಕಾದ್ದನ್ನು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಈಗ ಡಾಕ್ಟರು ತೀರಿಕೊಂಡಿದ್ದಾರೆ. ಇಳಾ ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ, ಆ ಸಂಜೆ ಅವಳಿಗೆ ನೆನಪಿದೆಯೋ ಇಲ್ಲವೋ ತಿಳಿಯದು. ಇನ್ನು ಹೇಳಬಹುದು. ಇತ್ತು. ಎರಡು ತುಂಡು ತಂದಿದ್ದೆ, ಒಂದನ್ನು ನನಗೆಂದು ಇನ್ನೊಂದು ಎಲೆಯಲ್ಲಿ ಸುತ್ತಿ ಬೆನ್ನ ಹಿಂದೆ ಹಿಡಿದಿದ್ದೆ. ಎಣ್ಣೆ ಬೆರಳ ಸಂದಿಯಿಂದ ಇಳಿದು ಲಂಗಕ್ಕೆ ತಾಗುತ್ತಿತ್ತು. ದೊಡ್ಡಮ್ಮ ನನ್ನ ಮುಖ ನೋಡಿದಳು, ಬೆನ್ನ ಹಿಂದೆ ಹೋದ ತೋಳನ್ನು ನೋಡಿದಳು. ನೋಡಿ, "ಸಾಕು, ಇಷ್ಟೇ ಬೇಕಾಗಿತ್ತು," ಎಂದು ಎದ್ದು, ಬಾವಿಗೆ ಕೊಡ ಇಳಿಸಿದಳು.